ಕಡಲ ಆಕಳು ನೋಡಲು ಹೊರಟ ಅಕ್ಕ

ಕಳೆದ ತಿಂಗಳು ಆಫೀಸಿನವರೊಂದಿಗೆ ಅಲಿಬಾಗಿಗೆ ಹೊರಟಾಗ, ಮುಂಬೈ ಬಂದರಿನ ಭಾವುಚಾ ಧಕ್ಕಾದಲ್ಲಿ ಹತ್ತಿದ ಬೋಟಿನಲ್ಲಿ ನನ್ನ ಕೈಗೊಂದು ಲೈಫ್ ಜಾಕೆಟ್ ಕೊಟ್ಟರು. ಹಳೆಯ ಫೋಮು, ಉಪ್ಪು, ಡೀಸೆಲ್ ಎಲ್ಲ ಬೆರೆತ ವಾಸನೆ... ಎದುರು ಮನೆಯ ಅಕ್ಕ ನೆನಪಾದರು.

ಆಂಟಾಪ್ ಹಿಲ್‌ನ ಬಿಲ್ಡಿಂಗಿನಲ್ಲಿ ಅವರದೂ ನಮ್ಮದೂ ಬಾಗಿಲು ಎದುರುಬದುರು. ಬಾದಾಮಿ ಕಡೆಯವರು. ಮದುವೆಯಾಗಿ ಮುಂಬೈಗೆ ಬರುವ ತನಕ ಸಮುದ್ರವನ್ನೇ ಕಂಡಿರಲಿಲ್ಲ. ಬಂದ ಮೇಲೂ ಕಂಡಿದ್ದು ಕಡಿಮೆ. ಗಂಡನ ಕಿಡ್ನಿ ಕೆಟ್ಟು, ವರ್ಷಗಟ್ಟಲೆ ಅವರನ್ನು ಪರೇಲ್‌ನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದರಲ್ಲೇ ಇವರ ದಿನಗಳು ಸವೆದಿದ್ದವು. ಅಲ್ಲಿ ಕಾಯುವ ಕೋಣೆಯ ಟಿವಿಯಲ್ಲಿ ಒಮ್ಮೆ ಡುಗಾಂಗ್ ನೋಡಿದ್ದರಂತೆ. ಸಮುದ್ರದ ತಳದಲ್ಲಿ ನಿಧಾನಕ್ಕೆ ಹುಲ್ಲು ಮೇಯುವ ದಪ್ಪ ಪ್ರಾಣಿ, ಪಕ್ಕದಲ್ಲಿ ಮರಿ.

ಗಂಡ ತೀರಿಕೊಂಡ ಮರುವರ್ಷ, ಒಂದು ಸಂಜೆ ನಮ್ಮ ಅಡುಗೆಮನೆಗೆ ಬಂದು ಕೇಳಿದರು. “ಸಮುದ್ರದಾಗ ಆಕಳ ಮೇಯ್ತಾವಲ್ಲ, ಎಲ್ಲಿ ಇರ್ತಾವ ಅವು? ಮೊಬೈಲ್‌ನಾಗ ನೋಡವಾ.”

ಕುಂದಾಪುರದ ಕಡಲ ಬದಿಯಲ್ಲಿ ಹುಟ್ಟಿದ ನಾನು ಅಂಥದ್ದೊಂದು ಇದೆಯೆಂದೇ ಕೇಳಿರಲಿಲ್ಲ. ಹುಡುಕಿದೆ. ಅಂಡಮಾನಿನ ದೂರದ ದ್ವೀಪಗಳ ಬಳಿ ಇವೆ, ಕಾಣಸಿಗುವುದು ಅಪರೂಪ ಎಂದಿತ್ತು.

“ಅಪರೂಪ ಅಂದ್ರ ಇಲ್ಲ ಅಂತ ಅಲ್ಲಲ್ಲ,” ಎಂದರು ಅಕ್ಕ.

ಅಲ್ಲಿಂದ ನಮ್ಮ ಭಾನುವಾರಗಳೆಲ್ಲ ಇದಕ್ಕೇ ಹೋದವು. ಯಾವ ತಿಂಗಳು ಕಡಲು ಶಾಂತ, ಯಾವ ದ್ವೀಪಕ್ಕೆ ಬೋಟು ಸಿಗುತ್ತದೆ, ಊಟಕ್ಕೆ ಏನು ಗತಿ... ಅವರು ಜೋಳದ ರೊಟ್ಟಿ ತಟ್ಟುತ್ತ ಕೇಳುವುದು, ನಾನು ಓದಿ ಹೇಳುವುದು. ಬೋಟಿನಲ್ಲಿ ವಾಂತಿಯಾಗುತ್ತದೆ ಎಂದು ಯಾರೋ ಹೆದರಿಸಿದಾಗ, “ಮೊದಲ ಇಲ್ಲೇ ಪ್ರ್ಯಾಕ್ಟೀಸ್ ಮಾಡೂಣು” ಎಂದು ನನ್ನನ್ನು ಭಾವುಚಾ ಧಕ್ಕಾಕ್ಕೆ ಎಳೆದುಕೊಂಡು ಹೋದರು. ಆಚೆ ದಡಕ್ಕೆ ಹೋಗಿ ಅದೇ ಬೋಟಿನಲ್ಲಿ ವಾಪಸ್. ಮೊದಲ ಸಲ ದಾರಿಯುದ್ದಕ್ಕೂ ಕಾರಿಕೊಂಡರು. ಎರಡನೆಯ ಸಲ ಕಣ್ಣು ಮುಚ್ಚಿ ನನ್ನ ಕೈ ಹಿಡಿದು ಕೂತರು. ಮತ್ತೊಮ್ಮೆ ಹೋದಾಗ, ಅಲೆಗಳ ನಡುವೆ ಆರಾಮಾಗಿ ಬಟಾಟಾ ವಡಾ ತಿಂದರು. ನಾವು ನಿಜವಾಗಿಯೂ ಹೋಗುತ್ತೇವೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಅಕ್ಕನ ಮಗನಿಗೆ ಸಿಟ್ಟು ಬಂತು. “ಆಯೀ, ಕಾಶಿಗೆ ಹೋಗು, ಖುದ್ ನಾನ ಕರ್ಕೊಂಡು ಹೋಗ್ತೀನಿ. ಅಲ್ಲಿ ಬೀಪಿ ಜಾಸ್ತಿ ಆದ್ರ ಡಾಕ್ಟರ್ ಯಾರ್ ಇರ್ತಾರ?”

“ಇಷ್ಟ ವರ್ಷ ದವಾಖಾನಿ ಒಳಗ ಕುಂತೇನಿ,” ಅಕ್ಕ ದನಿ ಏರಿಸಲಿಲ್ಲ. “ಇನ್ನೂ ಅದರ ಬಾಜೂಕ ಕುಂದ್ರಂತೀ ಏನು?”

ಹೊರಡುವ ದಿನ ಅವನೇ ಬಂದು ನಮ್ಮನ್ನು ಏರ್‌ಪೋರ್ಟಿಗೆ ಬಿಟ್ಟ.

ದ್ವೀಪದಲ್ಲಿ ದಿನವೂ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಬಿಸಿಲೇರುವ ತನಕ ನೀರು ನೋಡಿದೆವು. ಡುಗಾಂಗ್ ಕಾಣಲಿಲ್ಲ. ಕೊನೆಯ ದಿನ ದೋಣಿಯವನು ನಮ್ಮನ್ನು ಕಡಲಿಳಿತದಿಂದ ನೀರು ತಗ್ಗಿದ ಕಡೆ ಕರೆದೊಯ್ದ. ಮೊಣಕಾಲುದ್ದದ ತಿಳಿನೀರಿನಡಿ ಹಸಿರು ಹುಲ್ಲು. ಅದರ ನಡುವೆ ಅಂಕುಡೊಂಕಾಗಿ ಸಾಗಿದ ಬೋಳು ದಾರಿಗಳು. “ಉಸೀ ಕಾ ಖಾಯಾ ಹುವಾ ಹೈ,” ಎಂದ.

ಅಕ್ಕ ಸೀರೆ ಎತ್ತಿಕಟ್ಟಿ ಇಳಿದರು. ಬಾಗಿ, ಬೋಳಾದ ಮರಳಿನ ಮೇಲೆ ಅಂಗೈ ಆಡಿಸಿದರು.

“ಮೇದು ಹೋಗೇತಿ ನೋಡು! ನಿನ್ನೆನೋ ಮೊನ್ನೆನೋ ಇಲ್ಲೇ ಇತ್ತು.”

ನನಗೋ ಅಳು ಬರುವಷ್ಟು ನಿರಾಸೆ. ಅವರು ನೀರಿಗೆ ಕೈ ಮುಗಿದು, ಫೋನಿನಲ್ಲಿ ಆ ಹುಲ್ಲಿನ ಫೋಟೋ ತೆಗೆದುಕೊಂಡರು. ವಿಮಾನದಲ್ಲಿ ಮುಂದಿನ ಚಳಿಗಾಲದ ಪ್ಲ್ಯಾನ್ ಶುರುವಾಗಿತ್ತು.

ಆ ಮಳೆಗಾಲದಲ್ಲೇ ಅವರಿಗೆ ಲಕ್ವ ಹೊಡೆಯಿತು. ಮತ್ತೆ ಅದೇ ಪರೇಲ್, ಅದೇ ಆಸ್ಪತ್ರೆ... ಹೊರಗಿನ ಬೆಂಚಿನ ಮೇಲೆ ಮಗ ಅವರ ಫೋನ್ ಹಿಡಿದು ಕೂತಿದ್ದ. “ಆಂಟಿ, ಇದರಾಗ ಬರೇ ಹುಲ್ಲಿನ ಫೋಟೋ ಐತಿ. ಯೇ ಕ್ಯಾ ಹೈ?” ಹೇಳಿದೆ. ಅವನು ಅದನ್ನು ಬೆರಳಿಂದ ದೊಡ್ಡದು ಮಾಡಿ, ಬಹಳ ಹೊತ್ತು ನೋಡುತ್ತಲೇ ಇದ್ದ. ಅಕ್ಕ ಮನೆಗೆ ಮರಳಲಿಲ್ಲ.

ಮತ್ತೆ ಆ ದ್ವೀಪಕ್ಕೆ ಹೋಗಲು ನನಗೀಗ ಅಡ್ಡಿಯೇನಿಲ್ಲ. ರಜೆಯೂ ಇದೆ. ಆದರೆ ಒಬ್ಬಳೇ ಹೋದರೆ ನಾನು ಬರೀ ಡುಗಾಂಗ್ ಹುಡುಕುತ್ತೇನೆ, ಕಾಣದಿದ್ದರೆ ಬೇಸರಪಟ್ಟು ಬರುತ್ತೇನೆ. ಮೇದುಹೋದ ಹುಲ್ಲನ್ನು ಕಂಡು ಕೈ ಮುಗಿಯುವವರು ಎದುರು ಮನೆಯಲ್ಲಿ ಈಗ ಇಲ್ಲ.