ಕಬ್ಬು ಕಡಿದ ಭಾನುವಾರ

ಮಂಡ್ಯದ ಕಡೆಯವನು ಫುಟ್ಬಾಲ್ ಆಡುತ್ತೇನೆ ಅಂದರೆ ಇವತ್ತಿಗೂ ಜನ ನನ್ನ ಮುಖ ನೋಡುತ್ತಾರೆ. ಕಬಡ್ಡಿ ಅಂದರೆ ಊರಿಗೆ ಊರೇ ಬಂದು ಕೂರುತ್ತದೆ, ಕ್ರಿಕೆಟ್ಟಿನ ಮಾತು ಬಿಡಿ. ನಮ್ಮ ಆಟಕ್ಕೆ ಎಮ್ಮೆಗಳೇ ಪ್ರೇಕ್ಷಕರು, ಅವೂ ಮೇಯಲು ಬಂದವು. ದುದ್ದ, ಬಸರಾಳು ಕಡೆಯವರೆಲ್ಲ ಸೇರಿ ಕಟ್ಟಿಕೊಂಡ ಕ್ಲಬ್ಬು ನಮ್ಮದು. ಮಂಡ್ಯ, ಮದ್ದೂರು, ಮಳವಳ್ಳಿಯ ತಂಡಗಳು ಭಾನುವಾರಗಳಂದು ಆಡುವ ಸಣ್ಣ ಲೀಗಿನಲ್ಲಿ ನಮಗೂ ಒಂದು ಜಾಗವಿತ್ತು. ಸಾಮಾನ್ಯವಾಗಿ ಅದು ಕೊನೆಯ ಜಾಗ.

ಕ್ಲಬ್ಬು ಅಂದರೆ ನಿಜವಾಗಿ ನಮ್ಮ ಕ್ಯಾಪ್ಟನ್ ಒಬ್ಬನೇ. ನನ್ನ ಜೊತೆ ಓದಿದವನು. ನಾನು ಮಂಡ್ಯದಲ್ಲಿ ಗುಮಾಸ್ತನಾದೆ, ಅವನು ಹೊಲದಲ್ಲೇ ಉಳಿದ. ವ್ಯವಸಾಯ ಮಾಡುವವನಿಗೆ ಹೆಣ್ಣು ಕೊಡುವವರು ಸಿಗದೆ ಮದುವೆಯೂ ಆಗಲಿಲ್ಲ. ಎಲ್ಲರ ಜರ್ಸಿಗಳನ್ನೂ ನಾಲೆಯಲ್ಲಿ ತಾನೇ ಒಗೆದು, ಬದುವಿನ ಮೇಲೆ ಹರವಿ ಒಣಗಿಸುತ್ತಿದ್ದ. ಹೋದ ವರ್ಷ ಅವನ ಮಂಡಿ ತಿರುಚಿಕೊಂಡಿತು. ಇನ್ನು ಮೈದಾನಕ್ಕೆ ಇಳಿಯಬೇಡ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅವನು ಕೇಳುವ ಪೈಕಿಯೇ? ಗೋಲಿಗೆ ಹೋಗಿ ನಿಂತ. ಓಡಬ್ಯಾಡ ಅಂದವ್ರೆ, ನಿಂತ್ಕಬ್ಯಾಡ ಅಂದಿಲ್ವಲ್ಲ, ಎಂದು ನನಗೇ ವಾದ ಹೂಡಿದ್ದ.

ಫುಟ್ಬಾಲಿನಲ್ಲಿ ಹನ್ನೊಂದು ಜನ ಇಲ್ಲದಿದ್ದರೂ ಆಡಬಹುದು, ಏಳಕ್ಕಿಂತ ಕಡಿಮೆಯಾದರೆ ಮಾತ್ರ ಆಟ ನಿಲ್ಲುತ್ತದೆ. ನಮ್ಮ ಲೀಗಿನವರು ಅದಕ್ಕೊಂದು ಬಾಲ ಸೇರಿಸಿದ್ದರು. ಒಂದೇ ಸೀಸನ್ನಿನಲ್ಲಿ ಯಾವ ತಂಡದಿಂದಾಗಿ ಎರಡು ಸಲ ಹಾಗೆ ಆಟ ನಿಲ್ಲುತ್ತದೋ ಆ ತಂಡ ಲೀಗಿನಿಂದಲೇ ಹೊರಗೆ. ಮಳವಳ್ಳಿಯಲ್ಲಿ ನಮ್ಮದು ಒಂದು ಸಲ ಆಗಿಹೋಗಿತ್ತು. ಕೊನೆಯ ಆಟ ಮದ್ದೂರಿನಲ್ಲಿ, ಅದೂ ಕಬ್ಬು ಅರೆಯುವ ಕಾಲದಲ್ಲಿ. ನಮ್ಮವರಲ್ಲಿ ಮುಕ್ಕಾಲು ಪಾಲು ಕಬ್ಬು ಬೆಳೆಯುವವರು. ಕಾರ್ಖಾನೆಯಿಂದ ಕಡಿಯಲು ಅಪ್ಪಣೆ ಬಂದು, ಕಡಿಯುವ ಆಳುಗಳ ಗ್ಯಾಂಗು ಯಾವತ್ತು ಹೊಲಕ್ಕಿಳಿಯುತ್ತದೋ ಅವತ್ತೇ ಕಟಾವು. ಆ ದಿನ ತಪ್ಪಿದರೆ ಗ್ಯಾಂಗು ಇನ್ನೊಂದು ಊರಿಗೆ ಹೋಗುತ್ತದೆ, ಕಬ್ಬು ನಿಂತಲ್ಲೇ ಒಣಗುತ್ತದೆ. ಫುಟ್ಬಾಲಿಗೆ ಯಾರು ಕಾಯುತ್ತಾರೆ?

ಆ ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದವರು ನಾನೂ ಕ್ಯಾಪ್ಟನ್ನೂ ಸೇರಿ ಸರಿಯಾಗಿ ಏಳು ಜನ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಸ್ಸು ಹತ್ತಿದೆವು. ಕ್ಯಾಪ್ಟನ್ ಮಾತ್ರ ಮದುವೆ ದಿಬ್ಬಣಕ್ಕೆ ಹೊರಟವನ ಹಾಗೆ ಖುಷಿಯಾಗಿದ್ದ. ಎಷ್ಟು ಗೋಲಾದರೂ ಬೀಳಲಿ, ಕೊನೆಯ ಸೀಟಿಯವರೆಗೆ ನಿಂತರೆ ಸಾಕು, ಮುಂದಿನ ವರ್ಷ ನೋಡಿಕೊಳ್ಳೋಣ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ನಿಂತೆವು ಕೂಡ. ಗೋಲುಗಳು ಬಿದ್ದವು, ನಾವು ಲೆಕ್ಕ ಇಡಲಿಲ್ಲ. ದ್ವಿತೀಯಾರ್ಧವೂ ಅರ್ಧ ಕಳೆದಿತ್ತು. ಆಗ ಗೆರೆಯಾಚೆ ಬ್ಯಾಗಿನಲ್ಲಿದ್ದ ಫೋನು ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಅದು ನಮ್ಮ ಮುಂಚೂಣಿಯಲ್ಲಿ ಆಡುತ್ತಿದ್ದವನದು. ಹೊಸದಾಗಿ ಮದುವೆಯಾದವನು, ಅವನ ಕಬ್ಬಿಗೆ ಕಡಿಯುವ ಕಾಲ ಆಗಲೇ ಮೀರಿ ಗರಿ ಒಣಗುತ್ತಿತ್ತು. ಚೆಂಡು ಹೊರಗೆ ಹೋದಾಗ ಓಡಿಹೋಗಿ ಫೋನು ಎತ್ತಿದ. ನಾಳೆ ಬರಬೇಕಿದ್ದ ಗ್ಯಾಂಗು ಇವತ್ತೇ ಬಂದಿದೆ, ಲಾರಿಯೂ ನಿಂತಿದೆ, ಹೊಲದಲ್ಲಿ ಹೆಂಡತಿ ಒಬ್ಬಳೇ. ಮಾಲೀಕ ಬರದಿದ್ದರೆ ಪಕ್ಕದ ಊರಿಗೆ ಹೋಗುತ್ತೇವೆ ಅನ್ನುತ್ತಿದ್ದಾರಂತೆ.

ನನಗೆ ಪಿತ್ತ ನೆತ್ತಿಗೇರಿತು. ಇಪ್ಪತ್ತು ನಿಮಿಷ ನಿಲ್ಲಲಾರೆಯಾ, ಅಷ್ಟರಲ್ಲಿ ಗ್ಯಾಂಗಿನವರೇನು ಸತ್ತುಹೋಗುತ್ತಾರಾ ಎಂದು ಕೂಗಾಡಿದೆ. ಅವನು ಹೋಗಲಿಲ್ಲ. ಫೋನು ಹಿಡಿದುಕೊಂಡು ಗೆರೆಯ ಮೇಲೆ ನಿಂತು ಗೋಲಿನ ಕಡೆಯೇ ನೋಡುತ್ತಿದ್ದ.

ಕ್ಯಾಪ್ಟನ್ ಕುಂಟಿಕೊಂಡು ಮೈದಾನದ ಅರ್ಧದವರೆಗೆ ಬಂದ. ಏನೆಂದು ಕೇಳಿದ, ಹೇಳಿದೆ.

“ಓಗ್ಲಾ,” ಅಂದ ಅವನಿಗೆ. “ಒಂದು ವರ್ಸ ನೀರು ಕಟ್ಟಿದ್ದೀಯ, ಓಗು. ಇಲ್ಲಿದು ನಾ ನೋಡ್ಕತೀನಿ.”

ನೋಡಿಕೊಳ್ಳಲು ಇಲ್ಲೇನಿತ್ತು? ಅವನು ಹೋದರೆ ನಾವು ಆರು ಜನ. ಅದು ಹೇಳಿದವನಿಗೂ ಗೊತ್ತು, ಕೇಳಿಸಿಕೊಂಡವನಿಗೂ ಗೊತ್ತು. ಅವನು ಬೂಟೂ ಬಿಚ್ಚದೆ ರಸ್ತೆಯ ಕಡೆ ಓಡಿದ. ರೆಫರಿಯಾಗಿದ್ದ ಪಿ.ಟಿ. ಮೇಷ್ಟ್ರು ಒಳ್ಳೆಯ ಮನುಷ್ಯರು. ಸ್ವಲ್ಪ ಹೊತ್ತು ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದರು, ಬಸ್ಸು ತಪ್ಪಿಯಾದರೂ ಅವನು ವಾಪಸ್ಸು ಬರಲಿ ಅಂತಿರಬೇಕು. ಬರಲಿಲ್ಲ. ಕೊನೆಗೆ ಎದ್ದು ನಮ್ಮನ್ನು ಎಣಿಸಿ ಸೀಟಿ ಊದಿದರು. ಮದ್ದೂರಿನವರೂ ಕೈ ತಟ್ಟಲಿಲ್ಲ.

ನನ್ನ ಸಿಟ್ಟು ಆಗ ಕ್ಯಾಪ್ಟನ್ ಮೇಲೆ ತಿರುಗಿತು. ನಿನ್ನ ಕ್ಲಬ್ಬನ್ನು ನಿನ್ನ ಬಾಯಿಂದಲೇ ಮುಗಿಸಿದೆಯಲ್ಲೋ ಎಂದು ಕೇಳಬೇಕೆಂದು ಗೋಲಿನ ಹತ್ತಿರ ಹೋದೆ. ಅವನು ಕಂಬಕ್ಕೆ ಒರಗಿ, ಊದಿದ ಮಂಡಿ ನೀಡಿಕೊಂಡು ಕೂತಿದ್ದ. ಗ್ಲೌಸೂ ಬಿಚ್ಚಿರಲಿಲ್ಲ. ಬಾ, ಬಸ್ಸಿಗೆ ಹೊತ್ತಾಯಿತು ಎಂದು ಕೈ ಚಾಚಿದೆ.

“ವಸಿ ಇರ್ಲಾ,” ಅಂದ. “ಈಗ ಎದ್ರೆ ಮುಗುದೋಯ್ತದೆ.”

ನಾನೂ ಪಕ್ಕದಲ್ಲಿ ಕೂತೆ. ಮದ್ದೂರಿನ ಹುಡುಗರು ಗೋಲಿನ ಬಲೆ ಬಿಚ್ಚಿಕೊಂಡು ಮನೆಗೆ ಹೋಗಬೇಕಿತ್ತು. ನಮ್ಮನ್ನು ಏಳಿ ಅನ್ನಲು ಮನಸ್ಸು ಬಾರದೆ ದೂರದಲ್ಲೇ ಕಾಯುತ್ತ ನಿಂತಿದ್ದರು.