ಟಿ.ವಿ.ಯ ಕರಿ ಪಟ್ಟಿ ಮತ್ತು ನನ್ನ ಕಿವಿ

ಜೇವರ್ಗಿಯಲ್ಲಿ ನಮ್ಮ ಮನೆ ಹೆದ್ದಾರಿಗೆ ಹತ್ತಿಕೊಂಡೇ ಇದೆ. ಲಾರಿಗಳ ಗದ್ದಲದಲ್ಲಿ ಟಿ.ವಿ. ಕೇಳಬೇಕೆಂದರೆ ದನಿ ಏರಿಸಲೇಬೇಕು. ಏರಿಸಿದಾಗಲೆಲ್ಲ ತೆರೆಯ ಕೆಳಗೆ ಒಂದು ಕರಿ ಪಟ್ಟಿ ಬಂದು, ಅದರಲ್ಲಿ ಅಂಕಿ ಮೂಡಿ, ತೊಗರಿ ಧಾರಣೆ ಓಡುವ ಸಾಲನ್ನೇ ಮುಚ್ಚಿಬಿಡುತ್ತಿತ್ತು. ಅದೂ ಕಲಬುರಗಿಯ ದರ ಬರುವ ಹೊತ್ತಿಗೇ! ತೊಗರಿ ಬೆಳೆಯುವವನು ನಾನು, ಸಿಟ್ಟು ಬರದೇ ಇರುತ್ತದೆಯೆ? ನನ್ನ ಬೈಗುಳ ಕೇಳಿ ಸಾಕಾಗಿ ಒಂದು ದಿನ ಹೆಂಡತಿ, "ತಡೀರಿ, ಅದನ್ನ ನಾ ತೆಗಿತೇನಿ" ಎಂದಳು. ರಿಮೋಟ್ ಹಿಡಿದು ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಹೊಕ್ಕು ಏನೋ ಒತ್ತಿದಳು. ಪಟ್ಟಿ ಮಾಯ. ಇಂಥ ಜಾಣೆ ತಾಲೂಕಿನಲ್ಲೇ ಇಲ್ಲವೆಂದು ನಾನು ಬೀಗಿದೆ.

ಎರಡು ವಾರ ಕಳೆಯಿತು. ಬೆಳಗಿನ ಸುದ್ದಿ ಪಿಸುಮಾತಿನ ಹಾಗೆ ಕೇಳತೊಡಗಿತು. ಗುಂಡಿ ಒತ್ತಿದರೆ ದನಿ ಏರುತ್ತಿತ್ತು, ತುಸು ಹೊತ್ತಿಗೆ ಮತ್ತೆ ಇಳಿಯುತ್ತಿತ್ತು. ಎಷ್ಟಿದೆ ನೋಡೋಣವೆಂದರೆ ಅಂಕಿಯೂ ಇಲ್ಲ. "ನಿನಗ ಕೇಳ್ತದೇನು?" ಎಂದೆ. "ಬರೋಬ್ಬರಿ ಕೇಳ್ತದ್ರಿ" ಎಂದಳು. ಹಾಗಾದರೆ ಕೆಟ್ಟದ್ದು ನನ್ನ ಕಿವಿಯೇ. ಮಂದಿಯ ಮಾತು ನನಗೆ ಕೇಳಿಸುತ್ತಿತ್ತು ನಿಜ. ಆದರೆ ಅಪ್ಪನಿಗೂ ಮೊದಲು ಕೇಳದಾಗಿದ್ದು ರೇಡಿಯೋವೇ. ಆಮೇಲೆ ಮದುವೆಮನೆಗಳಲ್ಲಿ ಅವನು ಒಂದು ಕೇಳಿದರೆ ಒಂದು ಹೇಳಿ, ಜನ ಮುಸಿಮುಸಿ ನಗುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೆ.

ಆಗಲೇ ಆಳಂದದಿಂದ ತಂಗಿಯ ಫೋನು ಬಂತು. ಅವಳ ಮಗಳನ್ನು ಅಫಜಲಪುರದವರು ಒಪ್ಪಿದ್ದರು. ಮಾತುಕತೆಗೆ ನಾನು ಬರಬೇಕು. ನಮ್ಮಲ್ಲಿ ಹುಡುಗಿಯ ಕಡೆಯಿಂದ ಮೊದಲ ಮಾತು ಆಡುವವನು ಸೋದರಮಾವ. ಆ ಕೂಸು ಹುಟ್ಟಿದಾಗಿನಿಂದ ನಾನು ಕಾದಿದ್ದ ಜಾಗ ಅದು. ಆದರೆ ಹತ್ತು ಜನ ಹಿರಿಯರ ಎದುರು ಅಪ್ಪನ ಪಾಡು ನನಗೂ ಬಂದರೆ? ಹೆಂಡತಿಯ ಎದುರೇ ಫೋನಿನಲ್ಲಿ, "ನನ್ನ ಕಿವಿ ಹೋಗ್ಯಾವ ತಂಗಿ, ನಾ ಬರಂಗಿಲ್ಲ" ಎಂದೆ. ತಂಗಿ ಅತ್ತಳು. ನನ್ನ ಜಾಗದಲ್ಲಿ ಯಾರೋ ದೂರದ ಸಂಬಂಧಿ ಕೂತು ಮಾತಾಡಿದರು.

ನಂತರ ಕಲಬುರಗಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಯಂತ್ರ ಹಚ್ಚಿ ನೋಡಿ, ಕಿವಿ ಗಟ್ಟಿಯಾಗಿಯೇ ಇದೆ ಎಂದರು. ನಾನು ನಂಬಲಿಲ್ಲ.

ಮರುದಿನ ಬೆಳಿಗ್ಗೆ ಟಿ.ವಿ. ದನಿ ಇಳಿದಾಗ ಸುಮ್ಮನೆ ತಿರುಗಿ ನೋಡಿದೆ. ಪಡಸಾಲೆಯ ಮೂಲೆಯಲ್ಲಿ ಹೆಂಡತಿ ಲಿಂಗಪೂಜೆಗೆ ಕೂತಿದ್ದಳು. ಎಡಗೈಯಲ್ಲಿ ಲಿಂಗ, ದೃಷ್ಟಿ ಅದರ ಮೇಲೆಯೇ. ಬಲಗೈ ಸೆರಗಿನ ಕೆಳಗಿತ್ತು. ಅಲ್ಲಿ ಫೋನು, ಅದನ್ನೇ ಟಿ.ವಿ.ಗೆ ರಿಮೋಟ್ ಮಾಡಿಕೊಂಡಿದ್ದಳು. ಅದರ ಮೇಲೆ ಹೆಬ್ಬೆರಳು. ಹೆಬ್ಬೆರಳು ಆಡಿದ ಹಾಗೆಲ್ಲ ದನಿ ಸಣ್ಣಗಾಗುತ್ತಿತ್ತು.

ಪೂಜೆ ಮುಗಿಯುವ ತನಕ ಹಲ್ಲು ಕಚ್ಚಿ ಕೂತೆ.

ಕೇಳಿದರೆ ಅವಳು ಹೆದರಲೂ ಇಲ್ಲ. "ಪೂಜಾ ಹೊತ್ತಿನ್ಯಾಗ ಸಣ್ಣ ಮಾಡ್ರಿ ಅಂತ ಎಷ್ಟು ವರ್ಷ ಹೇಳೀನ್ರಿ? ಒಂದ್ ದಿನರ ಕೇಳೀರೇನು?"

"ಸಣ್ಣ ಮಾಡಿದಿ, ಮಾಡು. ಆಳಂದಕ್ಕ ಬರಂಗಿಲ್ಲ ಅಂತ ಹೇಳಾಕತ್ತಾಗ ಬಾಜೂಕೇ ಕುಂತಿದ್ದಿಯಲ್ಲ ಬೇ, ಆಗ ಬಾಯಿ ಯಾಕ ಬಿಡಲಿಲ್ಲ?"

ಪೂಜೆಯ ತಟ್ಟೆ ಎತ್ತಿಡುತ್ತ, "ಹೇಳಿದ್ರ ನೀವು ಮತ್ತ ಜೋರ್ ಮಾಡ್ತಿದ್ರಿ" ಎಂದಳು.

ಅವಳು ಕೇಳಿದ್ದು ದಿನಕ್ಕೆ ಅರ್ಧ ತಾಸಿನ ಶಾಂತಿ, ಅದು ತಪ್ಪಲ್ಲ. ಆದರೆ ಅದಕ್ಕಾಗಿ ನನ್ನನ್ನು ನನ್ನ ಮನೆಯಲ್ಲೇ ಕಿವುಡನನ್ನಾಗಿ ಮಾಡಿದಳಲ್ಲ, ಆ ದ್ರೋಹವನ್ನು ಇನ್ನೂ ಮರೆತಿಲ್ಲ.

ಈಗ ಪಟ್ಟಿಯನ್ನು ಮತ್ತೆ ಹಚ್ಚಿಸಿದ್ದೇನೆ. ಧಾರಣೆ ಮುಚ್ಚಿದರೆ ಮುಚ್ಚಲಿ, ನನಗೆ ಅಂಕಿ ಕಾಣಬೇಕು. ಪೂಜೆಯ ಹೊತ್ತಿಗೆ ನಾನೇ ಇಳಿಸುತ್ತೇನೆ. ತಂಗಿ ಮಾತ್ರ ಈಗಲೂ ಫೋನಿನಲ್ಲಿ ಒದರುತ್ತಾಳೆ: "ಅಣ್ಣಾ, ಕೇಳಾಕತ್ತದೇನು?" ಕೇಳುತ್ತದೆ ಎಂದರೆ, ಹಾಗಾದರೆ ಅವತ್ತು ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ. ಫೋನನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದು ಹೇಳುತ್ತೇನೆ: "ಇನ್ನಾ ಸ್ವಲ್ಪ ಜೋರ್ ಮಾತಾಡು ತಂಗಿ."