ಆರ್ಗನ್ ಮುಗಿಯುವವರೆಗೆ

ಎದುರಿನ ಹಿಟ್ಟಿನ ಗಿರಣಿ ಶುರುವಾದರೆ ಸಾಕು, ನಮ್ಮ ಜಗುಲಿಕಲ್ಲು ಅಂಗಾಲಿಗೆ ಗುಂಯ್ ಅನ್ನುತ್ತದೆ, ನನ್ನ ಎದೆ ಹೊಡೆದುಕೊಳ್ಳುತ್ತದೆ. ಗಿರಣಿಗೂ ಎದೆಗೂ ಏನಯ್ಯಾ ಸಂಬಂಧ ಅನ್ನುತ್ತೀರಿ. ಹೇಳುತ್ತೇನೆ, ಕೂತುಕೊಳ್ಳಿ.

ತೊಂಬತ್ತರ ದಶಕದ ಮಾತು. ನನ್ನ ಹೆಂಡತಿಗೆ ಎಂಟು ತಿಂಗಳು. ಆವತ್ತು ಬೆಳಗಿನಿಂದ ಹೊಟ್ಟೆಯಲ್ಲಿ ಮಗು ಅಲುಗಾಡಿರಲಿಲ್ಲ. ಅವ್ವನನ್ನೂ ಕರೆದುಕೊಂಡು ಪಾಂಡವಪುರದಲ್ಲಿ ಬಸ್ಸು ಹತ್ತಿ, ಶ್ರೀರಂಗಪಟ್ಟಣದ ಡಾಕ್ಟರಮ್ಮನ ಮನೆಗೆ ಹೋದರೆ ಬೀಗ! ‘ಚರ್ಚಲ್ಲಿ ಆರ್ಗನ್ ಕಚೇರಿ ಮಾಡ್ತಾವ್ರೆ, ಅಲ್ಲಿಗೇ ಹೋಗಿ’ ಅಂದಳು ಪಕ್ಕದ ಮನೆಯಾಕೆ.

ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆವು. ಉಳಿದವರೆಲ್ಲ ಬೂಟಿನಲ್ಲೇ ಕೂತಿದ್ದರು. ಮುಂದೆ ಡಾಕ್ಟರಮ್ಮ ನಮಗೆ ಬೆನ್ನು ಮಾಡಿ, ಆರ್ಗನ್ ಅನ್ನುವ ದೊಡ್ಡ ವಾದ್ಯವನ್ನು ಕೈಯಲ್ಲೂ ಕಾಲಲ್ಲೂ ಬಾರಿಸುತ್ತಿದ್ದರು. ಭಜನೆಯ ಹಾರ್ಮೋನಿಯಂ ಬಿಟ್ಟು ಬೇರೆ ಕಂಡವನಲ್ಲ ನಾನು. ಕರೆಯಲು ಎದ್ದೆ. ಅವ್ವ ಷರಟು ಜಗ್ಗಿ ಕೂರಿಸಿದಳು.

‘ಕುಂತ್ಕೊ ಕಣ್ಲಾ. ದೇವ್ರ ಮುಂದೆ ಸೇವೆ ನಡೀತಾ ಅದೆ. ಮಂಗಳಾರತಿ ಆಗೋಗಂಟ ಏಳಬಾರ್ದು.’

‘ಇಲ್ಲಿ ಮಂಗಳಾರತಿ ಇಲ್ಲ ಕಣವ್ವ!’

‘ಅರ್ಧಕ್ಕೇ ನಿಲ್ಸುದ್ರೆ ಕೂಸಿಗೆ ಒಳ್ಳೇದಾಯ್ತದಾ? ಬಾಯ್ಮುಚ್ಚು.’

ಮುಚ್ಚಿದೆ. ಸಂಗೀತ ಹೇಗಿತ್ತು ಅಂತ ಮಾತ್ರ ಕೇಳಬೇಡಿ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಚಿಗುರುತ್ತಿತ್ತು. ನಮ್ಮ ಸಂತೆಬಾಚಹಳ್ಳಿ ಬಸ್ಸಿನ ಹಾಗೆ, ಹೊರಟೆ ಹೊರಟೆ ಅನ್ನುವುದು, ಹೊರಡದಿರುವುದು. ಅಷ್ಟು ಚೆಂದದ ನಾದಕ್ಕೆ ಅಷ್ಟೊಂದು ಹಿಡಿಶಾಪ ಹಾಕಿದವನು ಇನ್ನೊಬ್ಬನಿರಲಾರ. ಹೆಂಡತಿ ಎರಡು ಕೈಯಲ್ಲೂ ಹೊಟ್ಟೆ ಹಿಡಿದು ಕೂತಿದ್ದಳು.

ಆಗ ಡಾಕ್ಟರಮ್ಮನ ಕಾಲು ಎಲ್ಲೋ ತಳದ ಸ್ವರವೊಂದನ್ನು ಒತ್ತಿ ಹಿಡಿಯಿತು. ಬೆಂಚು ನಡುಗಿತು, ಬರಿಗಾಲಿನಡಿ ಕಲ್ಲೂ ನಡುಗಿತು. ಹೆಂಡತಿ ನನ್ನ ಕೈಯೆಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒದೆಯಿತು. ಮತ್ತೆ ಒದೆಯಿತು!

‘ಒದೀತಾ ಅದೆ ಕಣ್ರೀ’ ಅಂದವಳೇ ಅತ್ತುಬಿಟ್ಟಳು. ನಾನೂ ಅತ್ತೆ. ಅವ್ವ ಗಲ್ಲಗಲ್ಲ ಬಡಿದುಕೊಂಡಳು. ಮುಂದಿನ ಬೆಂಚಿನವರು ತಿರುಗಿ, ಸಂಗೀತಕ್ಕೆ ಇಷ್ಟು ಕರಗುವವರೂ ಇದ್ದಾರಲ್ಲ ಎಂದು ಮೆಚ್ಚಿಕೊಂಡು ನೋಡಿದರು.

ಕಚೇರಿ ಮುಗಿದ ಮೇಲೆ ಡಾಕ್ಟರಮ್ಮ ಪರೀಕ್ಷೆ ಮಾಡಿ, ಏನೂ ತೊಂದರೆಯಿಲ್ಲ ಅಂದರು. ‘ಇಂಥಾ ಹೊತ್ತಲ್ಲಿ ಸುಮ್ನೆ ಕೂತಿದ್ರಲ್ಲಾ, ಬುದ್ಧಿ ಇದೆಯಾ ನಿಮಗೆ?’ ಎಂದು ಚೆನ್ನಾಗಿ ಬೈದರು ಕೂಡ.

ತಿಂಗಳಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ನನ್ನೊಳಗಿನ ಭಯಕ್ಕೆ ಮಾತ್ರ ಇನ್ನೂ ಹೆರಿಗೆಯಾಗಿಲ್ಲ. ಆ ಮಗಳೀಗ ಮಂಡ್ಯದಲ್ಲಿ ಕೆಲಸದಲ್ಲಿದ್ದಾಳೆ. ಇವತ್ತು ರಜಕ್ಕೆ ಬಂದವಳು ಮಧ್ಯಾಹ್ನ ಉಂಡು ಮಲಗಿದ್ದಳು. ಬಹಳ ಹೊತ್ತು ಮಗ್ಗುಲು ಬದಲಿಸಲಿಲ್ಲ. ಮೆಲ್ಲಗೆ ಹೋಗಿ ಬಾಗಿಲಲ್ಲಿ ನಿಂತೆ.

ಕಣ್ಣು ಮುಚ್ಚಿಕೊಂಡೇ ಅಂದಳು: ‘ಉಸುರಾಡ್ತಾ ಇವ್ನಿ, ಹೋಗಪ್ಪ.’